ಅಮ್ಮನ ಮಾತು ಕೇಳುವ ಬ್ಯಾಟರಿ

ಸೆಪ್ಟೆಂಬರ್ 2, ಸಂಜೆ

ಸಮಸ್ತ ಮನುಕುಲಕ್ಕೆ ಈ ಮೂಲಕ ತಿಳಿಯಪಡಿಸುವುದೇನೆಂದರೆ — ಇಂದು ನಮ್ಮ ಮನೆಯ ಉಗ್ರಾಣದಲ್ಲಿ ಒಂದು ಹಸಿರು ದೀಪ ಹತ್ತಿತು. ಗಾತ್ರ, ಸಾಸಿವೆ ಕಾಳು. ಸ್ಥಳ, ಸೇಬಿನ ಜಾಮ್ ಜಾಡಿಗಳ ಪಕ್ಕ. ಹತ್ತಿಸಿದವನು ನಾನೇ — ಕೆನೆಸ್, ಕಝಾಕಸ್ತಾನದ ಅಲ್ಮಾಟಿಯಲ್ಲಿ ಭೂಗೋಳದ ಮೇಷ್ಟ್ರು. ನನಗೆ ನಲವತ್ತೇಳು, ನನ್ನ ಸೊಂಟಕ್ಕೆ ಎಪ್ಪತ್ತು. ತೋಪು ಹಾರಿಸಲಿಲ್ಲ. ಬಾಟಿಮಾ ಇಣುಕಿ ನೋಡಿ, ‘ಹತ್ತಿತಾ? ಹಾಗಾದ್ರೆ ಸ್ಟೂಲು ಒಳಗಿಡಿ’ ಅಂದಳು. ಹೆಂಡತಿ.

ಛಾವಣಿಯ ಮೇಲೆ ಸೋಲಾರ್ ಹಲಗೆಗಳು ಎರಡು ವರ್ಷದಿಂದ ಇವೆ. ಹಗಲೆಲ್ಲ ಕರೆಂಟು ಮಾಡುತ್ತವೆ, ಮನೆಯಲ್ಲಿ ಅಮ್ಮ ಒಬ್ಬಳೇ ಇರುವಾಗ. ನಾವು ಬಂದು ಸ್ವಿಚ್ ಒತ್ತುವ ಹೊತ್ತಿಗೆ ಸೂರ್ಯ ನಾಪತ್ತೆ. ಇತ್ತ ಕರೆಂಟು ಕಂಪನಿ ಸಂಜೆ ಏಳರಿಂದ ಹನ್ನೊಂದರವರೆಗೆ ದರ ಮೂರು ಪಟ್ಟು ಮಾಡಿದೆ. ಹನ್ನೊಂದರ ಮೇಲೆ ಅಗ್ಗ. ಅಂದರೆ ಎಲ್ಲರೂ ಮಲಗಿದ ಮೇಲೆ ಧಾರಾಳ.

ಅದಕ್ಕೇ ಈ ಬ್ಯಾಟರಿ. ಅಪ್ಪನ ಹಳೇ ಕಾರು ಹೋಗಿ ಇದು ಬಂತು. ಅಳವಡಿಸಿದವರು ಸಾಯಂಕಾಲ ‘ಸೆಟ್ಟಿಂಗ್ ಎಲ್ಲ ನಿಮ್ಮಿಷ್ಟ’ ಅಂತ ಹೇಳಿ ಚಹಾ ಕುಡಿದು ಹೋದರು. ಮೊದಲು ಅದು ಕೇಳಿದ್ದು ಗಂಟೆ ಎಷ್ಟು ಅಂತ. ಫೋನ್ ಬಾಟಿಮಾಳ ಕೈಯಲ್ಲಿ ಟಾರ್ಚ್ ಆಗಿತ್ತು. ಸ್ಟೂಲಿನ ಮೇಲಿಂದ ಕೂಗಿದೆ. ಹಾಲ್‌ನಿಂದ ಅಮ್ಮ ಗಂಟೆ ಹೇಳಿದಳು. ಒತ್ತಿದೆ. ಆಮೇಲೆ — ಏಳಕ್ಕೆ ಕೊಡಲು ಶುರು, ಹನ್ನೊಂದಕ್ಕೆ ನಿಲ್ಲು, ಹನ್ನೊಂದರಿಂದ ಅಗ್ಗದ ಕರೆಂಟು ಕುಡಿದು ಹೊಟ್ಟೆ ತುಂಬಿಸಿಕೋ. ಮೂರು ಆಜ್ಞೆ. ಚೆಂಗೀಸ್‌ಖಾನನಿಗೂ ಇಷ್ಟು ಸಲೀಸಾಗಿ ಆಳಲು ಆಗಿರಲಿಕ್ಕಿಲ್ಲ.

ಸೆಪ್ಟೆಂಬರ್ 3

ಏನು ಪಣಕ್ಕಿದೆ ಅಂತ ಬರೆದಿಡುತ್ತೇನೆ. ಮುಂದೆ ನನಗೇ ಧೈರ್ಯ ಬೇಕಾದೀತು.

ಬಾಟಿಮಾ ಹಗಲು ಶಿಶುವಿಹಾರದಲ್ಲಿ ಕೆಲಸ ಮಾಡುತ್ತಾಳೆ. ಸಂಜೆ ಮನೆಯಲ್ಲಿ ಜೇನಿನ ಕೇಕು ಬೇಯಿಸುತ್ತಾಳೆ — ಎಂಟು ಪದರದ್ದು. ಬೆಳಿಗ್ಗೆ ಜನ ಬಂದು ಒಯ್ಯುತ್ತಾರೆ. ಡಬ್ಬಿಯ ಮುಚ್ಚಳದ ಮೇಲೆ ನೀಲಿ ಶಾಯಿಯಲ್ಲಿ ‘ಬಾಟಿಮಾ’ ಅಂತ ತಾನೇ ಬರೆಯುತ್ತಾಳೆ. ಅವಳ ಓವನ್ ಉರಿಯುವುದು ಸರಿಯಾಗಿ ಆ ಮೂರು ಪಟ್ಟಿನ ಹೊತ್ತಿನಲ್ಲಿ. ವಸಂತದಿಂದ ಈಚೆಗೆ ಕೇಕಿನ ಲಾಭವೆಲ್ಲ ಕಂಪನಿಯ ಬಾಯಿಗೆ.

ನನ್ನ ಷಡ್ಡಕ ಸಾಪಾರ್ — ಬಾಟಿಮಾಳ ಅಕ್ಕನ ಗಂಡ — ಕೆಳಗಿನ ರಸ್ತೆಯಲ್ಲಿ ಮದುವೆ ಹಾಲ್ ಇಟ್ಟಿದ್ದಾನೆ. ಹೊಟ್ಟೆಯೂ ಹಾಲ್‌ನಷ್ಟೇ ಇದೆ. ಸಂಜೆ ಅವನ ಅಡುಗೆಮನೆಗೆ ಬಾ ಅಂತ ಅವಳನ್ನು ಕರೆಯುತ್ತಿದ್ದಾನೆ. ಅಲ್ಲಿ ಗ್ಯಾಸ್ ಒಲೆ ಇದೆ, ಸಂಬಳವಿದೆ. ಆದರೆ ಡಬ್ಬಿಯ ಮೇಲೆ ಹಾಲ್‌ನ ಹೆಸರು. ಬಾಟಿಮಾ ಗಡುವು ಹೇಳಿದ್ದಾಳೆ: ಅಕ್ಟೋಬರ್ ಕೊನೆ. ಅಷ್ಟರೊಳಗೆ ನನ್ನ ಪೆಟ್ಟಿಗೆ ಸಂಜೆಯ ಕರೆಂಟು ಹೊರದಿದ್ದರೆ ಓವನ್ ಮಾರುತ್ತಾಳೆ, ಸಾಪಾರ್‌ನ ಏಪ್ರನ್ ಕಟ್ಟುತ್ತಾಳೆ. ಹೇಳುವಾಗ ದನಿ ಏರಿಸಲಿಲ್ಲ. ಅದೇ ಭಯ.

ಸಾಪಾರ್ ಇವತ್ತು ನೋಡಲು ಬಂದಿದ್ದ. ಉಗ್ರಾಣದ ಬಾಗಿಲು ತುಂಬಿ ನಿಂತು, ‘ಏನಪ್ಪಾ ಮೇಷ್ಟ್ರೇ, ಸೂರ್ಯನ್ನ ಡಬ್ಬಿಗೆ ಹಾಕಿದೀಯಂತೆ. ಉಪ್ಪು ಸರಿಯಾಗಿ ಹಾಕಿದ್ಯಾ? ಕೆಟ್ಟೋಗ್ಬಾರದು ನೋಡು’ ಅಂದ.

ಅಕ್ಟೋಬರ್ ಕೊನೆಯೊಳಗೆ ಪೆಟ್ಟಿಗೆ ಸಂಜೆಯ ಕರೆಂಟು ಹೊರುತ್ತದೋ ಇಲ್ಲವೋ ಅಂತ ಪಂಥ ಬಿತ್ತು. ಷಡ್ಡಕರ ಪಂಥಕ್ಕೆ ಹಣ ಶೋಭೆಯಲ್ಲ. ಕುರಿಯ ತಲೆ ಬೇಯಿಸಿ ಬಡಿಸಿದಾಗ ಕಿವಿ ಕೊಯ್ದು ಮಕ್ಕಳಿಗೆ ಕೊಡುತ್ತಾರಲ್ಲ, ದೊಡ್ಡವರ ಮಾತು ಕೇಳಲಿ ಅಂತ — ಸೋತವನು ಎಲ್ಲರ ಮುಂದೆ ಆ ಕಿವಿ ತಿನ್ನಬೇಕು. ಕೈ ಕುಲುಕಿದೆವು. ಅವನ ಕೈಯಲ್ಲಿ ನನ್ನ ಕೈ ಕಾಣಿಸಲೇ ಇಲ್ಲ.

ಸೆಪ್ಟೆಂಬರ್ 9

ಪ್ರಥಮ ಸಂಕಟ. ಬ್ಯಾಟರಿ ಅರ್ಧಕ್ಕಿಂತ ಕೆಳಗೆ ಇಳಿಯುತ್ತಲೇ ಇಲ್ಲ. ಅರ್ಧ ಖಾಲಿಯಾದ ಕೂಡಲೇ ಕೈ ತೊಳೆದುಕೊಂಡು ಕೂರುತ್ತದೆ. ಕೈಪಿಡಿ ಮೂರು ಭಾಷೆಯಲ್ಲಿದೆ, ಮೂರರಲ್ಲೂ ಅರ್ಥವಾಗುವುದಿಲ್ಲ. ಕೊನೆಗೆ ಸಿಕ್ಕಿತು — ಕರೆಂಟು ಹೋದರೆ ಬೇಕಾದೀತು ಅಂತ ಕಾರ್ಖಾನೆಯವರೇ ಅರ್ಧ ಕಾದಿಡಲು ಹೇಳಿ ಕಳಿಸಿದ್ದಾರೆ. ಮಗಳ ಜೊತೆ ಬಳುವಳಿ ಕಳಿಸಿ, ಪೆಟ್ಟಿಗೆಯ ಕೀಲಿ ತಮ್ಮಲ್ಲೇ ಇಟ್ಟುಕೊಂಡ ಬೀಗರ ಹಾಗೆ. ಇಪ್ಪತ್ತಕ್ಕೆ ಇಳಿಸಿದೆ. ಎದೆ ಉಬ್ಬಿತು.

ಸಾಯಂಕಾಲದ ಪಾಳಿಯ ತರಗತಿ ಮುಗಿಸಿ ಆರೂವರೆಗೆ ಮನೆಗೆ ಬಂದರೆ ಬ್ಯಾಟರಿ ಆಗಲೇ ಕೆಲಸಕ್ಕೆ ಹತ್ತಿರುತ್ತದೆ. ಏನು ಶ್ರದ್ಧೆ! ನನ್ನ ವಿದ್ಯಾರ್ಥಿಗಳು ನೋಡಿ ಕಲಿಯಬೇಕು. ಒಂಬತ್ತೂವರೆಗೆ ನಿಶ್ಚಿಂತೆಯಿಂದ ಮಲಗುತ್ತೇನೆ.

ಅಮ್ಮನಿಗೂ ನನಗೂ ಇವತ್ತು ಸಣ್ಣ ಜಗಳ. ಹಾಲ್‌ನ ಗೋಡೆ ಗಡಿಯಾರದ ವಿಷಯ, ಹಳೇ ಜಗಳವೇ. ಹೋದ ವರ್ಷ ಮಾರ್ಚ್ ಒಂದರಂದು ಇಡೀ ಕಝಾಕಸ್ತಾನಕ್ಕೆ ಒಂದೇ ಗಂಟೆ ಅಂತ ಸರ್ಕಾರ ಹೇಳಿದ್ದೇ ತಡ, ಅಲ್ಮಾಟಿಯ ನಾವೆಲ್ಲ ಗಡಿಯಾರ ಒಂದು ಗಂಟೆ ಹಿಂದಕ್ಕೆ ತಿರುಗಿಸಿದೆವು. ಅಮ್ಮ ತಿರುಗಿಸಲಿಲ್ಲ. ಆ ಗಡಿಯಾರಕ್ಕೆ ಕೊನೆಯ ಸಲ ಗಂಟೆ ಇಟ್ಟವನು ಅಪ್ಪ. ಸರ್ಕಾರ ಗಂಟೆ ಬದಲಿಸುವ ಮೊದಲಿನ ಚಳಿಗಾಲದಲ್ಲಿ ತೀರಿಕೊಂಡ. ‘ಸರ್ಕಾರದ ಗಂಟೆ ನಿಮಗಿರಲಿ. ಈ ಗೋಡೆ ಮೇಲೆ ನಿಮ್ಮಪ್ಪನ ಗಂಟೆ’ ಅಂದಿದ್ದಳು. ಅಂದಿನಿಂದ ಹಾಲ್‌ನಲ್ಲಿ ಎಂಟು, ಅಡುಗೆಮನೆಯಲ್ಲಿ ಏಳು. ಬಾಗಿಲು ದಾಟುವಾಗ ಎಲ್ಲರೂ ಒಂದು ಕಳೆಯುತ್ತೇವೆ. ರೂಢಿಯಾಗಿದೆ. ಭೂಗೋಳದ ಮೇಷ್ಟ್ರ ಮನೆಯಲ್ಲಿ ಎರಡು ಕಾಲವಲಯ — ಶಾಲೆಯಲ್ಲಿ ಯಾರಿಗೂ ಹೇಳಿಲ್ಲ.

ಸೆಪ್ಟೆಂಬರ್ 21

ಸ್ಟಾಫ್ ರೂಮಿನಲ್ಲಿ ಭಾಷಣ ಮಾಡಿದೆ. ವಿಷಯ: ‘ಸಂಜೆಯ ದರವೂ ಸ್ವಾಭಿಮಾನಿ ಪ್ರಜೆಯೂ’. ಮೂರು ಜನ ಫೋನ್ ನಂಬರ್ ಕೇಳಿದರು. ಗಣಿತದವಳು ಬಿಲ್ ಬಂತಾ ಅಂತ ಕೇಳಿದಳು. ಅಸೂಯೆ.

ಅಕ್ಟೋಬರ್ 1

ಬಿಲ್ ಬಂತು.

ಅಕ್ಟೋಬರ್ 2

ನಿನ್ನೆ ಬರೆಯಲಾಗಲಿಲ್ಲ. ಸಂಜೆಯ ಯೂನಿಟ್ಟುಗಳ ಸಾಲು ಇಳಿದಿಲ್ಲ. ಇಳಿಯುವುದಿರಲಿ — ಆಗಸ್ಟಿಗಿಂತ ಒಂದಿಷ್ಟು ಹತ್ತಿದೆ. ಕನ್ನಡಕ ಒರೆಸಿ ನೋಡಿದೆ. ಬಿಲ್ ತಲೆಕೆಳಗು ಮಾಡಿಯೂ ನೋಡಿದೆ.

ಬಾಟಿಮಾ ಬಿಲ್ಲನ್ನು ಫ್ರಿಜ್ಜಿನ ಮೇಲೆ ಅಂಟಿಸಿದಳು. ಸೇಬಿನ ಆಕಾರದ ಆಯಸ್ಕಾಂತದಿಂದ. ನೀರು ಕುಡಿಯಲು ಹೋದಾಗಲೆಲ್ಲ ಅದು ನನ್ನನ್ನೇ ನೋಡುತ್ತದೆ.

ಆಪಾದಿತರು: ಧೂಳು. ಬೆಟ್ಟದ ನೆರಳು. ಹಲಗೆಗಳ ಮೇಲೆ ಸಭೆ ನಡೆಸುವ ಮ್ಯಾಗ್‌ಪೈ ಹಕ್ಕಿಗಳು. ಅಮ್ಮನ ಎಲೆಕ್ಟ್ರಿಕ್ ಸಮೋವರ್, ಚಹಾ ಕಾಯಿಸುವ ಹಂಡೆ — ಅದು ಬೆಳಗ್ಗೆಯಿಂದ ಸಂಜೆವರೆಗೂ ಕುದಿಯುತ್ತಲೇ ಇರುತ್ತದೆ. ನಮ್ಮಲ್ಲಿ ಅತಿಥಿಗೆ ಬಟ್ಟಲಲ್ಲಿ ತಳಕ್ಕೆ ಎರಡು ಗುಟುಕು ಚಹಾ ಮಾತ್ರ ಹಾಕಬೇಕು, ಮತ್ತೆ ಹಾಕಬೇಕು, ಮತ್ತೆ. ಬಟ್ಟಲು ತುಂಬಿಸಿ ಕೊಟ್ಟರೆ ‘ಕುಡಿದು ಹೊರಡಿ’ ಅಂತ ಅರ್ಥ. ಏಳರ ಮೇಲೆ ಬರುವವರಿಗೆಲ್ಲ ಬಟ್ಟಲು ತುಂಬಿಸಿಬಿಡೋಣ, ಕರೆಂಟು ಉಳಿಯುತ್ತದೆ ಅಂತ ಸೂಚಿಸಿದೆ. ಅಮ್ಮ ನನ್ನನ್ನು ನೋಡಿದ ರೀತಿ ಬರೆಯಲಾರೆ.

ಛಾವಣಿ ಹತ್ತಿ ಹಲಗೆ ಒರೆಸಿ ಇಳಿದೆ. ಸೊಂಟ ಇನ್ನೂ ಮೇಲೆಯೇ ಇದೆ.

ಅಕ್ಟೋಬರ್ 6

ಸಾಪಾರ್ ಫೋನ್ ಮಾಡಿದ. ಏಪ್ರನ್ ಹೊಲಿಸುತ್ತಿದ್ದಾನಂತೆ, ಬಾಟಿಮಾಳ ಅಳತೆ ಬೇಕಂತೆ. ನನಗೂ ಒಂದು ಹೊಲಿಸಲಾ ಅಂತ ಕೇಳಿದ. ತಟ್ಟೆ ತೊಳೆಯಲು ಭೂಗೋಳ ಅಡ್ಡಿಯಿಲ್ಲವಂತೆ.

ಫೋನ್ ಇಟ್ಟು ಅಡುಗೆಮನೆಗೆ ಹೋದೆ. ಬಾಟಿಮಾ ಖಾಲಿ ಡಬ್ಬಿಗಳ ರಾಶಿ ಮುಂದಿಟ್ಟುಕೊಂಡು ಕೂತಿದ್ದಳು. ಹಿಂದಿನ ರಾತ್ರಿಯೇ ಮುಚ್ಚಳಗಳ ಮೇಲೆ ಹೆಸರು ಬರೆದಿಡುವುದು ಅವಳ ವಾಡಿಕೆ. ಇವತ್ತು ಪೆನ್ನಿನ ಕ್ಯಾಪು ತೆಗೆದಿರಲಿಲ್ಲ. ‘ಎಷ್ಟು ಬರೀಲಿ? ಈ ತಿಂಗಳಿಗಾಗುವಷ್ಟು ಸಾಕಾ?’ ಅಂದಳು.

ಡಬ್ಬಿಗಳನ್ನು ನೆಟ್ಟಗೆ ಜೋಡಿಸಿ ಹೊರಗೆ ಬಂದೆ.

ಅಕ್ಟೋಬರ್ 12, ಸಂಜೆ ಆರೂ ಕಾಲು

ಈಗಲೇ ಬರೆದಿಡಬೇಕು.

ಇವತ್ತು ರಜೆ. ಎಷ್ಟೋ ವಾರಗಳ ಮೇಲೆ ಈ ಹೊತ್ತಿನಲ್ಲಿ ಮನೆಯಲ್ಲಿದ್ದೆ. ಅಮ್ಮನ ಎದುರು ಕೂತು ಚಹಾ ಕುಡಿಯುತ್ತಿದ್ದೆ, ಬ್ಯಾಟರಿಯನ್ನು ಬೈಯುತ್ತಿದ್ದೆ. ಸೋಮಾರಿ, ಮೋಸಗಾರ, ಹೇಳಿದ ಒಂದು ಮಾತು ಕೇಳಲ್ಲ ಅಂತ. ಅಮ್ಮನಿಗೆ ಬೇಜಾರಾಯಿತು. ಬಟ್ಟಲು ಕೆಳಗಿಟ್ಟಳು.

‘ಅದನ್ನ ಬೈಬೇಡ. ಈ ಮನೇಲಿ ನನ್ನ ಮಾತು ಕೇಳೋದು ಅದೊಂದೇ. ಇನ್ನೇನು ನಿಮ್ಮಪ್ಪನ ಗಡಿಯಾರ ಏಳು ಹೊಡೆಯತ್ತೆ. ಹೊಡೆದ ತಕ್ಷಣ ಅದು ಒಳಗಿಂದ ಟಕ್ ಅನ್ನತ್ತೆ ನೋಡು. ದಿನಾ. ಬಂದಾಗಿಂದ ಒಂದು ದಿನ ತಪ್ಪಿಸಿಲ್ಲ.’

ಗಡಿಯಾರ ಹೊಡೆಯಿತು. ಏಳು. ಉಗ್ರಾಣದಲ್ಲಿ — ಟಕ್. ಹಸಿರು ದೀಪ ಕಿತ್ತಳೆಯಾಯಿತು.

ಫೋನ್ ನೋಡಿದೆ. ಆರು.

ಮೊದಲ ದಿನ ಸ್ಟೂಲಿನ ಮೇಲಿಂದ ಗಂಟೆ ಎಷ್ಟು ಅಂತ ನಾನು ಕೂಗಿದ್ದು. ಹಾಲ್‌ನಿಂದ ಅಮ್ಮ ಹೇಳಿದ್ದು. ಅಮ್ಮ ಹೇಳಿದ್ದು ಅಪ್ಪನ ಗಂಟೆ! ಬಾಗಿಲು ದಾಟಲೇ ಇಲ್ಲ ನಾನು, ಒಂದು ಕಳೆಯಲೇ ಇಲ್ಲ. ಒಂದೂವರೆ ತಿಂಗಳಿಂದ ನನ್ನ ಬ್ಯಾಟರಿ ಹಳೇ ಗಂಟೆಯಲ್ಲಿ ಬದುಕುತ್ತಿದೆ. ಕಂಪನಿಯ ಮೀಟರ್ ಹೊಸ ಗಂಟೆಯಲ್ಲಿ. ಅಂದರೆ ದರ ಇನ್ನೂ ಏರದ ಆರಕ್ಕೇ ಕೊಡಲು ಶುರು. ಹತ್ತಕ್ಕೆ ನಿಲ್ಲುತ್ತದೆ. ಅಷ್ಟೇ ಆಗಿದ್ದರೆ ಕ್ಷಮಿಸಬಹುದಿತ್ತು. ‘ಹನ್ನೊಂದಾಯಿತು, ಈಗ ಅಗ್ಗ’ ಅಂದುಕೊಂಡು ಹತ್ತರಿಂದಲೇ ಗಟಗಟ ಕುಡಿದು, ಕೊಟ್ಟದ್ದೆಲ್ಲವನ್ನೂ ಒಂದೇ ಗಂಟೆಯಲ್ಲಿ ವಾಪಸ್ ತೆಗೆದುಕೊಳ್ಳುತ್ತದೆ — ಮೂರು ಪಟ್ಟು ದರದಲ್ಲಿ! ಬಾಟಿಮಾಳ ಓವನ್ ಒಂದು ಕಡೆ, ಅದು ಒಂದು ಕಡೆ. ನಾನು ಗೊರಕೆ ಹೊಡೆಯುವಾಗ.

ಇಪ್ಪತ್ತು ವರ್ಷ ಮಕ್ಕಳಿಗೆ ರೇಖಾಂಶ ಪಾಠ ಮಾಡಿದ್ದೇನೆ. ತಪ್ಪು ಬರೆದವರಿಗೆ ಸೊನ್ನೆ ಕೊಟ್ಟಿದ್ದೇನೆ.

ಅಕ್ಟೋಬರ್ 12, ಊಟದ ಮೇಲೆ

ಸ್ಟೂಲು ತಂದು ಹತ್ತಿದೆ. ಈ ಸಲ ಫೋನ್ ನನ್ನ ಕೈಯಲ್ಲೇ. ಬ್ಯಾಟರಿಯ ಗಡಿಯಾರ ಹಿಂದಕ್ಕೆ ತಿರುಗಿಸಿದರೆ ಆಯಿತು, ಅರ್ಧ ನಿಮಿಷದ ಕೆಲಸ. ಅಮ್ಮ ಬಾಗಿಲಲ್ಲಿ ಬಂದು ನಿಂತಳು. ವಿಷಯ ಹೇಳಿದೆ. ತನ್ನಿಂದಲೇ ಆದದ್ದು ಅಂತ ಅವಳಿಗೆ ಅನಿಸಬಾರದು ಅಂತ ನಗುತ್ತಲೇ ಹೇಳಿದೆ. ಅವಳು ನಗಲಿಲ್ಲ.

‘ಸರಿ. ಹಾಗಾದ್ರೆ ಇದೂ ಸರ್ಕಾರದ ಕಡೆ ಹೋಯ್ತು’ ಅಂದು ತಿರುಗಿದಳು.

ಬೆರಳು ಬಟನ್ ಮೇಲೆ ಹಾಗೇ ನಿಂತಿತು. ಬಾಟಿಮಾ ಹಿಂದಿನಿಂದ ಎಲ್ಲ ನೋಡುತ್ತಿದ್ದಳು. ಹಿಟ್ಟಿನ ಕೈ ಸೊಂಟದ ಮೇಲೆ. ‘ಗಂಟೆ ಯಾಕೆ ಮುಟ್ತೀರಿ? ಏಳು ಅಂತ ಬರೆದಿರೋದನ್ನ ಎಂಟು ಅಂತ ಮಾಡಿ. ಮಾವನ ಎಂಟು ಅಂದ್ರೆ ಕಂಪನಿಯ ಏಳು. ನಾವು ಮನುಷ್ಯರೇ ದಿನಾ ಲೆಕ್ಕ ಹಾಕ್ಕೊಂಡು ಬದುಕ್ತಾ ಇಲ್ವಾ?’

ಹೆಂಡತಿ! ಸೆಪ್ಟೆಂಬರ್ ಎರಡರಂದು ಈ ಪದವನ್ನು ಬೇರೆ ದನಿಯಲ್ಲಿ ಬರೆದಿದ್ದೆ. ವಾಪಸ್ ತೆಗೆದುಕೊಂಡಿದ್ದೇನೆ.

ಕೊಡುವುದು ಎಂಟಕ್ಕೆ ಶುರು. ಹನ್ನೆರಡಕ್ಕೆ ನಿಲ್ಲು. ಅಲ್ಲಿ ತಕರಾರು — ಹನ್ನೆರಡು ಅಂತ ಒತ್ತಿದರೆ ಯಂತ್ರ ಒಪ್ಪುವುದಿಲ್ಲ. ದಿನ ದಾಟಬಾರದಂತೆ ಅದಕ್ಕೆ. ಹನ್ನೊಂದು ಐವತ್ತೊಂಬತ್ತಕ್ಕೆ ಒಪ್ಪಿತು. ಹೋಗಲಿ, ಒಂದು ನಿಮಿಷ ಕಂಪನಿಗೆ ದಾನ. ಹನ್ನೆರಡರ ಮೇಲೆ ಕುಡಿ, ಕಂಠಪೂರ್ತಿ ಕುಡಿ.

ಅಮ್ಮನನ್ನು ಕರೆದು ಹೇಳಿದೆ: ಅಪ್ಪನ ಗಂಟೆ ಹಾಗೇ ಇದೆ. ನಾಳೆಯಿಂದ ಎಂಟು ಹೊಡೆದಾಗ ಟಕ್ ಅನ್ನುತ್ತದೆ. ಅವಳು ಬ್ಯಾಟರಿಯ ತಲೆಯ ಮೇಲಿದ್ದ ಧೂಳನ್ನು ತನ್ನ ಬಿಳಿ ತಲೆವಸ್ತ್ರದ ತುದಿಯಿಂದ ಒರೆಸಿದಳು.

ಅಕ್ಟೋಬರ್ 13, ಬೆಳಿಗ್ಗೆ

ಚಪ್ಪಲಿ ಕೂಡ ಹಾಕದೆ ಮೀಟರ್ ನೋಡಲು ಅಂಗಳಕ್ಕೆ ಓಡಿದೆ. ನಿನ್ನೆಯದಂತೂ ಕೆಟ್ಟಿತ್ತು, ಇವತ್ತಿಗೆ ಕಾಯಬೇಕು ಅಂತ ಅಲ್ಲಿಗೆ ಹೋದ ಮೇಲೆ ನೆನಪಾಯಿತು. ಪಕ್ಕದ ಮನೆಯವರು ನೋಡಿದರು. ವ್ಯಾಯಾಮ ಅಂದೆ.

ಅಕ್ಟೋಬರ್ 14, ಬೆಳಿಗ್ಗೆ

ಸಂಜೆಯ ಅಂಕಿ ಅಲುಗಿಲ್ಲ! ಕೊನೆಯ ಅಂಕಿ ಮಾತ್ರ ಒಂಚೂರು — ಆ ದಾನದ ನಿಮಿಷ. ಅಲುಗಿಲ್ಲ ಅಲುಗಿಲ್ಲ ಅಲುಗಿಲ್ಲ. ಶಾಲೆಗೆ ತಡವಾಗಿ ಹೋದೆ. ಕಾರಣ ಬರೆಯುವ ಜಾಗದಲ್ಲಿ ‘ವಿಜಯ’ ಅಂತ ಬರೆದೆ. ಹೆಡ್‌ಮಾಸ್ಟರ್ ಏನೂ ಕೇಳಲಿಲ್ಲ, ಹೆದರಿದರೋ ಏನೋ.

ಅಕ್ಟೋಬರ್ 17

ಸಾಪಾರ್ ನಂಬಲಿಲ್ಲ. ಸರಿ, ನೀನೇ ಪರೀಕ್ಷೆ ಮಾಡು ಅಂದೆ. ಹತ್ತೊಂಬತ್ತಕ್ಕೆ ಆರ್ಡರ್ ಕೊಟ್ಟ: ಅವನ ಹಾಲ್‌ನಲ್ಲಿ ಮರುದಿನ ಒಂದು ಹುಡುಗಿಯನ್ನು ಗಂಡನ ಮನೆಗೆ ಕಳಿಸುವ ಸಮಾರಂಭ, ಅದಕ್ಕೆ ಜೇನಿನ ಕೇಕು ಒಂದು ಡಜನ್. ಎಲ್ಲ ಒಂದೇ ಸಂಜೆ. ಇಷ್ಟು ಒಟ್ಟಿಗೆ ಬಾಟಿಮಾ ಯಾವತ್ತೂ ಬೇಯಿಸಿಲ್ಲ. ಮೀಟರ್ ಎದುರು ಕುರ್ಚಿ ಹಾಕಿಕೊಂಡು ತಾನೇ ಕಾಯುತ್ತಾನಂತೆ. ಬಾಟಿಮಾ ‘ಭಾವ, ಡಬ್ಬಿ ಮೇಲೆ ನನ್ನ ಹೆಸರಿರತ್ತೆ’ ಅಂದಳು. ಗೆದ್ದರೆ ಇರಲಿ ಅಂದ.

ಅಕ್ಟೋಬರ್ 19, ಮಧ್ಯಾಹ್ನ

ಮಳೆ. ಬೆಟ್ಟವೇ ಕಾಣುತ್ತಿಲ್ಲ. ಸಾಪಾರ್ ಬರುವಾಗಲೇ ಆಕಾಶಕ್ಕೆ ಕೈಮುಗಿದು ಬಂದ. ‘ಮೇಷ್ಟ್ರೇ, ನಿನ್ನ ಸೂರ್ಯ ಇವತ್ತು ರಜಾ ಚೀಟಿ ಕಳಿಸಿದಾನಲ್ಲ.’

ನಾನು ಮುಖ ಸಪ್ಪೆ ಮಾಡಿ ಕೂತೆ. ಹವಾಮಾನ ಮುನ್ಸೂಚನೆ ಓದುವುದು ಭೂಗೋಳದವನ ಏಕೈಕ ಉಪಯೋಗ. ನಿನ್ನೆ ರಾತ್ರಿಯ ಅಗ್ಗದ ಹೊತ್ತಿನಲ್ಲೇ ಬ್ಯಾಟರಿಗೆ ನೂರಕ್ಕೆ ನೂರು ತುಂಬಿಸಿ, ಸಂಜೆವರೆಗೆ ಒಂದು ಹನಿಯೂ ಬಿಡಬೇಡ ಅಂತ ಒತ್ತಿಟ್ಟಿದ್ದೇನೆ. ಇದನ್ನು ಅವನಿಗೆ ಸಂಜೆವರೆಗೆ ಹೇಳುವುದಿಲ್ಲ. ಸುಖವನ್ನು ಚಹಾದ ಹಾಗೆ ಸ್ವಲ್ಪಸ್ವಲ್ಪವೇ ಬಡಿಸಬೇಕು.

ಒಂದೇ ಚಿಂತೆ: ಓವನ್ ಮತ್ತು ಸಮೋವರ್ ಒಟ್ಟಿಗೆ ಉರಿದರೆ ಪೆಟ್ಟಿಗೆಯ ಶಕ್ತಿ ಮೀರುತ್ತದೆ, ಮಿಕ್ಕಿದ್ದನ್ನು ಮೀಟರಿನಿಂದ ಎಳೆಯುತ್ತದೆ. ಅತಿಥಿ ಬಂದಾಗ ಸಮೋವರ್ ಆರಿಸು ಅಂತ ಅಮ್ಮನಿಗೆ ಹೇಳುವವರು ಯಾರು? ನಾನಲ್ಲ.

ಅಕ್ಟೋಬರ್ 20

ನಿನ್ನೆಯದನ್ನು ಕ್ರಮವಾಗಿ ಬರೆಯುತ್ತೇನೆ. ಇತಿಹಾಸಕಾರನಿಗೆ ಆತುರ ಸಲ್ಲದು.

ಏಳಕ್ಕೆ, ಅಂದರೆ ಅಪ್ಪನ ಎಂಟಕ್ಕೆ, ಗಡಿಯಾರ ಹೊಡೆಯಿತು. ಟಕ್. ಅಮ್ಮ ಸಾಪಾರ್‌ನ ಕಡೆ ನೋಡಿ ತಲೆ ಆಡಿಸಿದಳು, ಮೊಮ್ಮಗ ಪದ್ಯ ಒಪ್ಪಿಸಿದ ಹಾಗೆ. ಆಮೇಲೆ ಎದ್ದು ಎಲೆಕ್ಟ್ರಿಕ್ ಸಮೋವರಿನ ಪ್ಲಗ್ ತಾನೇ ಕಿತ್ತಳು. ಯಾರೂ ಹೇಳಿರಲಿಲ್ಲ. ಮಳೆ ಹನಿಯುತ್ತಲೇ ಇತ್ತು. ಅಂಗಳದ ಸೂರಿನ ಕೆಳಗೆ ಅಪ್ಪನ ಕಾಲದ ಇದ್ದಿಲ ಸಮೋವರ್ ಹೊರಗೆ ಬಂದಿತ್ತು, ಒಳಗೆ ಸೇಬಿನ ಕಡ್ಡಿ ಉರಿಯುತ್ತಿತ್ತು. ಸಾಪಾರ್‌ನಿಗೆ ಹೊಗೆಯ ವಾಸನೆಯ ಚಹಾ, ಎರಡೆರಡು ಗುಟುಕು. ಲೆಕ್ಕವಿಲ್ಲದಷ್ಟು ಸಲ. ಬಟ್ಟಲು ಒಮ್ಮೆಯೂ ತುಂಬಲಿಲ್ಲ.

ಅವನು ಛತ್ರಿ ಹಿಡಿದು ಮೀಟರಿನ ಮುಂದೆ ಕೂತ. ಕೇಕಿನ ಪದರಗಳು ಒಳಗೆ ಹೋಗುತ್ತಿದ್ದವು, ಹೊರಗೆ ಬರುತ್ತಿದ್ದವು. ಇಡೀ ಬೀದಿಗೆ ಜೇನಿನ ವಾಸನೆ. ಎಂಟಾಯಿತು, ಒಂಬತ್ತಾಯಿತು. ಸಂಜೆಯ ಅಂಕಿ ಸತ್ತ ಮೀನಿನ ಹಾಗೆ ಬಿದ್ದಿತ್ತು. ಒಂಬತ್ತೂವರೆಗೆ ಅವನು ಮೀಟರನ್ನು ಬೆರಳಿನಿಂದ ತಟ್ಟಿ ನೋಡಿದ. ಹತ್ತರ ಹೊತ್ತಿಗೆ ನಾನು ರಾತ್ರಿಯ ಗುಟ್ಟು ಹೇಳಿದೆ. ಅವನು ಛತ್ರಿ ಮಡಚಿದ.

ಆದರೆ ಬ್ಯಾಟರಿ ಇಳಿಯುತ್ತಿತ್ತು. ನಲವತ್ತು. ಮೂವತ್ತೆರಡು. ಇಪ್ಪತ್ತಕ್ಕೆ ನಿಲ್ಲಿಸು ಅಂದವನು ನಾನೇ. ಇನ್ನೂ ಎರಡು ಕೇಕಿನ ಪದರ ಬಾಕಿ. ಕಾದಿಟ್ಟದ್ದನ್ನೂ ಬಿಟ್ಟುಬಿಡಲಾ ಅಂತ ಬಾಟಿಮಾಳನ್ನು ಕೇಳಿದೆ. ಬೇಡ ಅಂದಳು. ಬೆವರಿನಲ್ಲಿ ಹಿಟ್ಟು, ಹಿಟ್ಟಿನಲ್ಲಿ ನಗು — ಆ ಮುಖವನ್ನು ಈ ವರ್ಷ ಮೊದಲ ಸಲ ನೋಡಿದೆ. ಕೊನೆಯ ತಟ್ಟೆ ಒಳಗಿಟ್ಟು ಹಾಲ್‌ನ ಬಾಗಿಲಲ್ಲಿ ಬಂದು ನಿಂತಳು. ಕಣ್ಣು ಅಪ್ಪನ ಗಡಿಯಾರದ ಮೇಲೆ. ಹನ್ನೆರಡಕ್ಕೆ ಎರಡು ನಿಮಿಷ ಇರುವಾಗ ಹೋಗಿ ಓವನ್ ಆರಿಸಿ ಕೊನೆಯ ಪದರ ಹೊರಗೆಳೆದಳು. ದಾನದ ನಿಮಿಷವೂ ಕಂಪನಿಗೆ ಸಿಗಲಿಲ್ಲ. ಮನೆಯ ಎಲ್ಲ ದೀಪ ಅಮ್ಮ ಆರಿಸಿಬಿಟ್ಟಿದ್ದಳು. ಕತ್ತಲಲ್ಲಿ ನಾವು ನಾಲ್ವರೂ ನಿಂತೆವು. ಗಡಿಯಾರ ಹನ್ನೆರಡು ಹೊಡೆಯಿತು. ಬ್ಯಾಟರಿ ಇಪ್ಪತ್ತೊಂದು. ಸಂಜೆಯ ಅಂಕಿ ಇದ್ದಲ್ಲೇ.

ಬಾಟಿಮಾ ದೀಪ ಹಾಕಿದಳು. ಪೆನ್ನಿನ ಕ್ಯಾಪು ತೆಗೆದಳು. ಹನ್ನೆರಡು ಮುಚ್ಚಳ, ಹನ್ನೆರಡು ಸಲ ತನ್ನ ಹೆಸರು. ಸಾಪಾರ್ ಡಬ್ಬಿಗಳನ್ನು ತಾನೇ ಹೊತ್ತು ಕಾರಿಗಿಟ್ಟ. ಕೊನೆಯ ಡಬ್ಬಿ ಎತ್ತುವಾಗ, ‘ಚಳಿಗಾಲದ ಮದುವೆಗಳಿಗೂ ಇದೇ ಇರಲಿ, ತಂಗೀ. ಏಪ್ರನ್ ನನ್ನ ಅಡುಗೆಯವನು ಹಾಕ್ಕೋತಾನೆ’ ಅಂದ. ಸೋಲುವುದನ್ನೂ ದೊಡ್ಡದಾಗಿಯೇ ಮಾಡುವ ಮನುಷ್ಯ.

ಇವತ್ತು ಮಧ್ಯಾಹ್ನ ಕುರಿಯ ತಲೆ ಬೆಂದಿತು. ಅತಿಥಿ ಅಂತ, ಮಕ್ಕಳನ್ನೂ ಕರೆದುಕೊಂಡು ಬಂದಿದ್ದ ಸಾಪಾರ್‌ನ ಮುಂದೆಯೇ ಇಟ್ಟೆವು. ಚಾಕು ತೆಗೆದುಕೊಂಡು ಕಿವಿ ಕೊಯ್ದ. ಕೈ ರೂಢಿಯಂತೆ ಮಕ್ಕಳ ಕಡೆ ಹೋಗಿ, ಅರ್ಧ ದಾರಿಯಲ್ಲಿ ನೆನಪಾಗಿ ವಾಪಸು ಬಂತು. ಕಣ್ಣು ಮುಚ್ಚಿ ತಿಂದ. ಅವನ ಮಕ್ಕಳು ಚಪ್ಪಾಳೆ ತಟ್ಟಿದರು. ನಾನು ಭಾಷಣಕ್ಕೆ ಎದ್ದು ನಿಂತೆ.

ಅಮ್ಮ ಅವನ ಕೈಯಿಂದ ಚಾಕು ತೆಗೆದುಕೊಂಡಳು. ಇನ್ನೊಂದು ಕಿವಿ ಕೊಯ್ದು ನನ್ನ ತಟ್ಟೆಗೆ ಹಾಕಿದಳು.

‘ಕೂತ್ಕೋ. ಇದು ನಿಂಗೆ. ಒಂದೂವರೆ ತಿಂಗಳು ಆ ಪೆಟ್ಟಿಗೆ ನನ್ನ ಪಕ್ಕದಲ್ಲೇ ಟಕ್ ಅಂತಿತ್ತು. ಒಂದು ದಿನ ನನ್ನ ಹತ್ರ ಕೂತಿದ್ರೆ ಅವತ್ತೇ ಕೇಳ್ತಿತ್ತು ನಿಂಗೂ.’

ತಿಂದೆ. ಮೃದುವಾಗಿತ್ತು. ಉಪ್ಪು ಸರಿಯಾಗಿತ್ತು.

ಅಕ್ಟೋಬರ್ 27

ಫ್ರಿಜ್ಜಿನ ಮೇಲಿನ ಬಿಲ್ ಮಾಯ. ಸೇಬಿನ ಆಯಸ್ಕಾಂತದ ಕೆಳಗೆ ಈಗ ಆರ್ಡರುಗಳ ಚೀಟಿ. ಪಾಳಿ ಮುಗಿಸಿ ಬಂದು ದಿನಾ ಏಳಕ್ಕೆ ಮುಂಚೆ ಅಮ್ಮನ ಎದುರು ಚಹಾಕ್ಕೆ ಕೂರುತ್ತೇನೆ. ಎಂಟು ಹೊಡೆಯುತ್ತದೆ, ಟಕ್ ಅನ್ನುತ್ತದೆ, ಅಮ್ಮ ನನ್ನ ಬಟ್ಟಲಿಗೆ ಇನ್ನೆರಡು ಗುಟುಕು ಹಾಕುತ್ತಾಳೆ.

ನಾಳೆ ಶಾಲೆಯ ಮಕ್ಕಳನ್ನು ಕರೆದುಕೊಂಡು ಎರಡು ದಿನ ಚಾರಿನ್ ಕಣಿವೆಗೆ ಪ್ರವಾಸ. ಚೀಲ ಕಟ್ಟಿಯಾಯಿತು.

ಇನ್ನೊಂದು. ಇದು ಯಾರೂ ಓದದ ದಿನಚರಿ. ಆದರೂ ಅಕ್ಟೋಬರ್ ಆರರ ಪುಟದ ಅಂಚಿನಲ್ಲಿ ಹಿಟ್ಟಿನ ಬೆರಳಚ್ಚು ಇದೆ, ಹನ್ನೆರಡರ ಪುಟದಲ್ಲಿ ‘ಹೆಂಡತಿ!’ ಅನ್ನುವ ಕಡೆ ಎರಡು. ಯಾರೂ ಅಲ್ಲದ ಆ ಓದುಗರಲ್ಲಿ ಒಂದು ವಿನಂತಿ. ನಾಳೆ ಗಡಿಯಾರಕ್ಕೆ ಕೀ ಕೊಡುವ ದಿನ, ಅಮ್ಮನಿಗೆ ಕೈ ಎಟುಕುವುದಿಲ್ಲ. ಸ್ಟೂಲು ಉಗ್ರಾಣದಲ್ಲಿದೆ, ಒಂದು ಕಾಲು ಅಲುಗುತ್ತದೆ, ಗೋಡೆಗೆ ಒತ್ತಿಡಿ. ಕೀ ಗಡಿಯಾರದ ತಲೆಯ ಮೇಲೆ. ಬಿಗಿಯಾಗುವವರೆಗೆ ತಿರುಗಿಸಿದರೆ ಸಾಕು. ಮುಳ್ಳು ಮಾತ್ರ ಮುಟ್ಟಬೇಡಿ.